ಕ್ಷ-ಕಿರಣ ಕೋಣೆಯ ಜಮಾಖರ್ಚು

ಮನೆಯಲ್ಲಿ ಯಾರಾದರೂ ಜಾರಿ ಬಿದ್ದು ಕೈ ಊದಿಕೊಂಡರೆ, ಹದಿನೈದು ದಿನ ಕಳೆದರೂ ಕೆಮ್ಮು ನಿಲ್ಲದಿದ್ದರೆ, ಹೊಟ್ಟೆಯಲ್ಲಿ ಕಲ್ಲಿರಬಹುದೆಂಬ ಸಂಶಯ ಬಂದರೆ, ವೈದ್ಯರು ಒಂದು ಚೀಟಿ ಬರೆದುಕೊಡುತ್ತಾರೆ. ಚೀಟಿ ಹಿಡಿದು ನಾವು ಎಕ್ಸ್‌ರೇ ಕೋಣೆಗೋ ಸ್ಕ್ಯಾನಿಂಗ್ ಸೆಂಟರಿಗೋ ಹೋಗುತ್ತೇವೆ. ಕಿಟಕಿಯಲ್ಲಿ ಹಣ ಕಟ್ಟುತ್ತೇವೆ, ಬೆಂಚಿನ ಮೇಲೆ ಕಾಯುತ್ತೇವೆ, ಒಳಗೆ ಹೋಗಿ ಉಸಿರು ಹಿಡಿದು ನಿಲ್ಲುತ್ತೇವೆ, ಲಕೋಟೆ ಹಿಡಿದು ಹೊರಗೆ ಬರುತ್ತೇವೆ. “ಐದು ನಿಮಿಷದ ಕೆಲಸಕ್ಕೆ ಇಷ್ಟು ಹಣವೇ?” ಎಂದು ಗೊಣಗದೆ ಮನೆಗೆ ಬಂದವರು ವಿರಳ.

ಗೊಣಗುವುದು ತಪ್ಪಲ್ಲ. ಆದರೆ ಆ ಹಣ ಎಲ್ಲೆಲ್ಲಿಗೆ ಹೋಗುತ್ತದೆ, ಅದರಲ್ಲಿ ಯಾವುದು ನ್ಯಾಯ, ಯಾವುದು ಅನ್ಯಾಯ ಎಂಬುದನ್ನು ತಿಳಿದು ಗೊಣಗಿದರೆ ಪ್ರಯೋಜನವುಂಟು. ಶಿವಮೊಗ್ಗ–ಭದ್ರಾವತಿಯಂಥ ಊರುಗಳಲ್ಲಿ ಇಂದು ಸ್ಕ್ಯಾನಿಂಗ್ ಸೆಂಟರುಗಳು ಬೀದಿಯ ಸಾಮಾನ್ಯ ನೋಟವಾಗಿವೆ. ನಿಮ್ಮ ಮನೆಯ ಹುಡುಗನೋ ಹುಡುಗಿಯೋ ರೇಡಿಯಾಲಜಿ ಓದಿ ಬಂದು “ಸಾಲ ಮಾಡಿ ಒಂದು ಕೇಂದ್ರ ತೆರೆಯುತ್ತೇನೆ” ಎನ್ನುವ ಸಂಭವವೂ ಇಲ್ಲದಿಲ್ಲ. ಆದುದರಿಂದ ಈ ಕೋಣೆಯ ಲೆಕ್ಕಪುಸ್ತಕವನ್ನು ಒಮ್ಮೆ ತೆರೆದು ನೋಡೋಣ. ಹಣ ಕೊಡುವವರಿಗೂ ಹಣ ಹೂಡುವವರಿಗೂ ಇದರಿಂದ ತಿಳಿಯಬೇಕಾದದ್ದಿದೆ.

ಕಂಡುಹಿಡಿದವರು, ಕೈಸುಟ್ಟುಕೊಂಡವರು

೧೮೯೫ನೆಯ ಇಸವಿಯ ನವೆಂಬರ್ ೮ರಂದು ಜರ್ಮನಿಯ ವುರ್ಟ್ಸ್‌ಬರ್ಗ್ ನಗರದಲ್ಲಿ ವಿಲ್ಹೆಲ್ಮ್ ರಂಟ್‌ಗನ್ ಎಂಬ ವಿಜ್ಞಾನಿ ಕ್ಷ-ಕಿರಣಗಳನ್ನು ಕಂಡನು. ೧೯೦೧ರಲ್ಲಿ ಭೌತಶಾಸ್ತ್ರದ ಮೊಟ್ಟಮೊದಲ ನೊಬೆಲ್ ಬಹುಮಾನ ಅವನಿಗೆ ಬಂದಿತು. ಆ ಹಣವನ್ನು ಅವನು ತನ್ನ ವಿಶ್ವವಿದ್ಯಾನಿಲಯಕ್ಕೆ ಕೊಟ್ಟುಬಿಟ್ಟನು. ತನ್ನ ಶೋಧನೆಗೆ ಪೇಟೆಂಟ್ ಹಕ್ಕನ್ನೂ ಪಡೆಯಲಿಲ್ಲ. ಹೀಗೆ ಈ ವಿದ್ಯೆ ಹುಟ್ಟಿದ್ದು ದಾನವಾಗಿ. ಆದರೆ ಬೆಳೆದದ್ದು ವ್ಯಾಪಾರವಾಗಿ.

ಇನ್ನೊಂದು ಉದಾಹರಣೆ ಹಾಡು ಕೇಳುವ ಮನೆಗಳಿಗೆ ಹತ್ತಿರದ್ದು. ನಾಯಿಯ ಚಿತ್ರದ ‘ಹಿಸ್ ಮಾಸ್ಟರ್ಸ್ ವಾಯ್ಸ್’ ಗ್ರಾಮಾಫೋನು ತಟ್ಟೆಗಳನ್ನು ನಿಮ್ಮ ಹಿರಿಯರು ಜೋಪಾನವಾಗಿ ಇಟ್ಟಿದ್ದಾರು. ಆ ತಟ್ಟೆಗಳನ್ನು ಹೊರತರುತ್ತಿದ್ದ ಇಂಗ್ಲೆಂಡಿನ ಇ.ಎಂ.ಐ. ಕಂಪನಿಯಲ್ಲೇ ಗಾಡ್‌ಫ್ರಿ ಹೌನ್ಸ್‌ಫೀಲ್ಡ್ ಎಂಬ ಇಂಜಿನಿಯರು ಸಿ.ಟಿ. ಸ್ಕ್ಯಾನ್ ಯಂತ್ರವನ್ನು ರಚಿಸಿದನು. ೧೯೭೧ರ ಅಕ್ಟೋಬರ್ ೧ರಂದು ಲಂಡನ್ನಿನ ಅಟ್ಕಿನ್ಸನ್ ಮೋರ್ಲಿ ಆಸ್ಪತ್ರೆಯಲ್ಲಿ ಮೊದಲ ಬಾರಿಗೆ ರೋಗಿಯೊಬ್ಬರ ತಲೆಯ ಚಿತ್ರ ತೆಗೆಯಲಾಯಿತು. ೧೯೭೯ರಲ್ಲಿ ಹೌನ್ಸ್‌ಫೀಲ್ಡನಿಗೆ ನೊಬೆಲ್ ಬಹುಮಾನ ಬಂದಿತು. ಅದೇ ವರ್ಷದ ಕೊನೆಗೆ ನಷ್ಟದಲ್ಲಿದ್ದ ಇ.ಎಂ.ಐ. ಕಂಪನಿ ಥಾರ್ನ್ ಎಂಬ ಬೇರೊಂದು ಸಂಸ್ಥೆಯ ಪಾಲಾಯಿತು. ಸ್ವಲ್ಪದರಲ್ಲೇ ಸ್ಕ್ಯಾನರ್ ವ್ಯವಹಾರವೂ ಅದರ ಕೈಬಿಟ್ಟಿತು. ದೊಡ್ಡ ಮಾರಾಟದ ಜಾಲ, ದುರಸ್ತಿಯ ಏರ್ಪಾಡು, ವರ್ಷವರ್ಷಕ್ಕೂ ಯಂತ್ರವನ್ನು ಸುಧಾರಿಸುವ ಬಂಡವಾಳ ಇದ್ದ ಪ್ರತಿಸ್ಪರ್ಧಿಗಳು ಮುಂದೆ ಹೋದರು. ಯಂತ್ರವನ್ನು ಕಂಡುಹಿಡಿದ ಕಂಪನಿಯೇ ಅದರ ವ್ಯವಹಾರದಲ್ಲಿ ಸೋತಿತೆಂದ ಮೇಲೆ, ಆ ಯಂತ್ರವನ್ನು ಸಾಲದಲ್ಲಿ ಕೊಳ್ಳುವ ಊರಿನ ವೈದ್ಯರು ಎಷ್ಟು ಎಚ್ಚರವಾಗಿರಬೇಕು!

ಕುಲುಮೆಯ ಲೆಕ್ಕ

ಭದ್ರಾವತಿಯವರಿಗೆ ಒಂದು ಮಾತು ಹೇಳಿಕೊಡಬೇಕಾಗಿಲ್ಲ. ೧೯೨೩ರಲ್ಲಿ ಕಬ್ಬಿಣದ ಕಾರ್ಖಾನೆ ಕೆಲಸ ಆರಂಭಿಸಿದಂದಿನಿಂದ ಆ ಊರಿನ ಮನೆಮನೆಗೂ ಗೊತ್ತಿರುವ ಮಾತು ಅದು: ಕುಲುಮೆಗೆ ಅದಿರು ಬೀಳಲಿ, ಬೀಳದಿರಲಿ, ಖರ್ಚು ಮಾತ್ರ ತಪ್ಪದು. ಸಾಲದ ಬಡ್ಡಿ, ಆಳುಗಳ ಸಂಬಳ, ಯಂತ್ರದ ಸವಕಳಿ, ಇವು ದಿನ ನೋಡಿ ಬರುವುದಿಲ್ಲ. ಸ್ಕ್ಯಾನಿಂಗ್ ಕೇಂದ್ರವೂ ಹಾಗೆಯೇ. ದಿನಸಿ ಅಂಗಡಿಯಲ್ಲಿ ಸಾಮಾನು ಮಾರಿದಷ್ಟೇ ಕೊಂಡರಾಯಿತು. ಇಲ್ಲಿ ಮೊದಲ ರೋಗಿ ಬಾಗಿಲೊಳಗೆ ಕಾಲಿಡುವ ಮೊದಲೇ ಖರ್ಚಿನ ಬಹುಭಾಗ ಆಗಿಹೋಗಿರುತ್ತದೆ.

ಒಂದು ಲೆಕ್ಕ ಹಾಕೋಣ. ಅಂಕಿಗಳು ತಿಳಿವಳಿಕೆಗಾಗಿ ಇಟ್ಟುಕೊಂಡವು. ಯಾವ ಕೇಂದ್ರದ ನಿಜವಾದ ಪುಸ್ತಕದಿಂದಲೂ ತೆಗೆದವಲ್ಲ. ಯಂತ್ರದ ಬೆಲೆ ೧ ಕೋಟಿ ರೂಪಾಯಿ ಎನ್ನಿ. ಹತ್ತು ವರ್ಷ ಬಾಳುತ್ತದೆಂದರೆ ವರ್ಷಕ್ಕೆ ಸವಕಳಿ ೧೦ ಲಕ್ಷ. ಬ್ಯಾಂಕಿನ ಸಾಲಕ್ಕೆ ನೂರಕ್ಕೆ ಹತ್ತರಂತೆ ಮೊದಲ ವರ್ಷದ ಬಡ್ಡಿ ೧೦ ಲಕ್ಷ. ಕಂಪನಿಯೊಡನೆ ಮಾಡಿಕೊಂಡ ದುರಸ್ತಿ ಕರಾರಿಗೆ ೬ ಲಕ್ಷ. ಬಾಡಿಗೆ, ಸಂಬಳ, ವಿದ್ಯುತ್ತು ಸೇರಿ ೨೪ ಲಕ್ಷ. ಒಟ್ಟು ೫೦ ಲಕ್ಷ. ವರ್ಷದಲ್ಲಿ ೩೦೦ ದಿನ ಬಾಗಿಲು ತೆರೆದರೆ ದಿನವೊಂದಕ್ಕೆ ಸುಮಾರು ೧೬,೬೬೭ ರೂಪಾಯಿ. ಒಬ್ಬ ರೋಗಿಯೂ ಬಾರದ ದಿನವೂ ಈ ಹಣ ಖರ್ಚೇ.

ಇನ್ನು ಒಂದು ಸ್ಕ್ಯಾನಿಗೆ ೨,೫೦೦ ರೂಪಾಯಿ ತೆಗೆದುಕೊಳ್ಳುತ್ತಾರೆನ್ನಿ. ಅದರಲ್ಲಿ ಫಿಲ್ಮು, ಔಷಧಿ, ಸೂಜಿ ಮುಂತಾದ ಆಯಾ ರೋಗಿಗೆಂದೇ ಆಗುವ ಖರ್ಚು ೫೦೦. ಉಳಿಯುವುದು ೨,೦೦೦. ದಿನದ ೧೬,೬೬೭ನ್ನು ಇದರಿಂದ ಭಾಗಿಸಿದರೆ ಎಂಟಕ್ಕೆ ಮೇಲೆ ಸ್ವಲ್ಪ ಬರುತ್ತದೆ. ಅಂದರೆ ದಿನಕ್ಕೆ ಒಂಬತ್ತು ಮಂದಿ ಬಂದರೆ ಗಂಟಿಗೆ ನಷ್ಟವಿಲ್ಲ. ಎಂಟು ಬಂದರೆ ಸಾಲ, ಹತ್ತು ಬಂದರೆ ಲಾಭ. ಈ ‘ಒಂಬತ್ತು’ ಎಂಬ ಅಂಕಿಯೇ ಇಡೀ ವ್ಯವಹಾರದ ಕೀಲಿ. ಕೇಂದ್ರ ತೆರೆಯುವ ಮೊದಲು ಈ ಅಂಕಿಯನ್ನು ಕಂಡುಕೊಳ್ಳದವರು ಸಾಲದ ಕಾಗದಕ್ಕೆ ರುಜು ಹಾಕಬಾರದು.

ಈ ಲೆಕ್ಕದಿಂದ ಇನ್ನೊಂದು ವಿಷಯವೂ ತಿಳಿಯುತ್ತದೆ. ಸರ್ಕಾರದ ಮೆಗ್ಗಾನ್ ಆಸ್ಪತ್ರೆಯಲ್ಲಿ ಚಿತ್ರ ತೆಗೆಸಿಕೊಂಡವರಿಗೆ ಖರ್ಚು ಕಡಮೆಯಾದರೆ, ಖರ್ಚೇ ಇಲ್ಲವಾಯಿತೆಂದಲ್ಲ; ಅದನ್ನು ಬೊಕ್ಕಸ ಹೊತ್ತಿತು ಎಂದಷ್ಟೇ ಅರ್ಥ. ಅಲ್ಲಿಯೂ ಯಂತ್ರಕ್ಕೆ ಸವಕಳಿಯುಂಟು, ಟ್ಯೂಬಿಗೆ ಆಯುಸ್ಸುಂಟು.

ಕೆಡುವ ಟ್ಯೂಬು, ಆರದ ದೀಪ

ಹಿಂದಿನ ವಾಲ್ವ್ ರೇಡಿಯೋ ನಿಮಗೆ ನೆನಪಿರಬಹುದು. ಗುಂಡಿ ತಿರುಗಿಸಿದ ಮೇಲೆ ಒಳಗಿನ ಗಾಜಿನ ಬುರುಡೆಗಳು ಕಾದು ಕೆಂಪಾಗಬೇಕು, ಆಮೇಲೆ ದನಿ. ಆ ಬುರುಡೆ ಸುಟ್ಟುಹೋದರೆ ರೇಡಿಯೋ ಮೂಕ. ಕ್ಷ-ಕಿರಣದ ಟ್ಯೂಬು ಅದರ ದಾಯಾದಿಯೇ. ೧೯೧೩ರಲ್ಲಿ ವಿಲಿಯಂ ಕೂಲಿಡ್ಜ್ ಎಂಬ ಅಮೆರಿಕದ ವಿಜ್ಞಾನಿ ರಚಿಸಿದ ಕಾದ ತಂತಿಯ ಟ್ಯೂಬಿನ ವಂಶವೇ ಇಂದಿನದೂ. ತಂತಿ ಕಾಯುತ್ತದೆ, ಎಲೆಕ್ಟ್ರಾನುಗಳು ಹಾರಿ ಲೋಹದ ತಟ್ಟೆಗೆ ಬಡಿಯುತ್ತವೆ, ಕ್ಷ-ಕಿರಣ ಹೊರಡುತ್ತದೆ. ಬಡಿದ ಶಕ್ತಿಯಲ್ಲಿ ನೂರಕ್ಕೆ ಒಂದು ಪಾಲಿನಷ್ಟು ಮಾತ್ರ ಕಿರಣವಾಗುತ್ತದೆ, ಮಿಕ್ಕದ್ದೆಲ್ಲ ಶಾಖ. ಆ ಶಾಖವೇ ಟ್ಯೂಬನ್ನು ತಿನ್ನುತ್ತದೆ. ಸಿ.ಟಿ. ಯಂತ್ರದ ಟ್ಯೂಬನ್ನು ಬದಲಾಯಿಸುವುದು ಸಣ್ಣ ಖರ್ಚಲ್ಲ. ಜಾಣನಾದ ಮಾಲೀಕ ಪ್ರತಿ ಸ್ಕ್ಯಾನಿನ ಹಣದಲ್ಲೂ ಒಂದು ಪಾಲನ್ನು ಟ್ಯೂಬಿನ ಹೆಸರಿನಲ್ಲಿ ಬೇರೆ ಇಡುತ್ತಾನೆ. ಇಡದವನು ಟ್ಯೂಬು ಕೆಟ್ಟ ದಿನ ಮತ್ತೆ ಸಾಲಕ್ಕೆ ಓಡುತ್ತಾನೆ. ಯಂತ್ರ ಐದು ದಿನ ನಿಂತರೆ ನಮ್ಮ ಲೆಕ್ಕದಲ್ಲಿ ೮೩,೦೦೦ ರೂಪಾಯಿಗೂ ಮಿಕ್ಕಿ ಗಾಳಿಗೆ ಹೋಯಿತು. ಆದುದರಿಂದ ದುರಸ್ತಿ ಕರಾರು ಮಾಡಿಕೊಳ್ಳುವಾಗ ಬೆಲೆಯನ್ನಷ್ಟೇ ನೋಡಬಾರದು. ಕರೆ ಕೊಟ್ಟ ಎಷ್ಟು ಗಂಟೆಯೊಳಗೆ ಇಂಜಿನಿಯರು ಶಿವಮೊಗ್ಗಕ್ಕೆ ಬಂದು ತಲುಪಬೇಕು, ಟ್ಯೂಬು ಕರಾರಿನ ಒಳಗೋ ಹೊರಗೋ ಎಂಬುದನ್ನು ಬರೆಯಿಸಿಕೊಳ್ಳಬೇಕು.

ಎಂ.ಆರ್.ಐ. ಯಂತ್ರದ ಕಥೆಯೇ ಬೇರೆ. ಅಲ್ಲಿ ಕ್ಷ-ಕಿರಣವೇ ಇಲ್ಲ. ಬಲವಾದ ಅಯಸ್ಕಾಂತವೂ ರೇಡಿಯೋ ತರಂಗವೂ ಕೂಡಿ ಕೆಲಸ ಮಾಡುತ್ತವೆ. ೧೯೬೫ರಲ್ಲಿ ಆರಂಭವಾದ ಭದ್ರಾವತಿ ಆಕಾಶವಾಣಿಯನ್ನು ಕೇಳುಗರು ೬೭೫ ಕಿಲೋಹರ್ಟ್ಸ್ ಎಂಬ ಅಂಕಿಯಿಂದ ಬಲ್ಲರು. ಒಂದೂವರೆ ಟೆಸ್ಲಾ ಬಲದ ಎಂ.ಆರ್.ಐ. ಯಂತ್ರ ಸುಮಾರು ೬೪ ಮೆಗಾಹರ್ಟ್ಸಿನ ತರಂಗವನ್ನು ದೇಹದೊಳಗೆ ಕಳಿಸಿ, ದೇಹದಿಂದ ಹಿಂದಿರುಗುವ ಕ್ಷೀಣವಾದ ದನಿಯನ್ನು ಆಲಿಸುತ್ತದೆ. ರೇಡಿಯೋ ಪಟ್ಟಿಯಲ್ಲಿ ಶಾರ್ಟ್‌ವೇವಿಗೂ ಎಫ್.ಎಂ.ಗೂ ನಡುವಣ ಜಾಗ ಅದು. ಹೊರಗಿನ ಗದ್ದಲ ಒಳಗೆ ಬಾರದಂತೆ ಕೋಣೆಯ ಸುತ್ತ ತಾಮ್ರದ ಕವಚ ಹೊದಿಸುತ್ತಾರೆ. ಅಯಸ್ಕಾಂತದ ಸುರುಳಿಯನ್ನು ದ್ರವ ಹೀಲಿಯಮ್ಮಿನಲ್ಲಿ, ಸೊನ್ನೆಗಿಂತ ೨೬೯ ಡಿಗ್ರಿ ಕೆಳಗೆ, ಹಗಲಿರುಳೂ ತಣ್ಣಗಿಡಬೇಕು. ರಾತ್ರಿ ಬಾಗಿಲು ಹಾಕಿದ ಮೇಲೂ ತಂಪಿನ ಯಂತ್ರ ಓಡುತ್ತಲೇ ಇರಬೇಕು. ವಿದ್ಯುತ್ತಿನ ಬಿಲ್ಲೂ ಅದರೊಡನೆ ಓಡುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಕರೆಂಟು ಹೋಗುವುದು ಹೊಸ ಸುದ್ದಿಯಲ್ಲವಾದುದರಿಂದ ಜನರೇಟರಿಗೂ ಡೀಸೆಲ್ಲಿಗೂ ಹಣ ಬೇರೆ. ಎಂ.ಆರ್.ಐ.ಗೆ ಹೆಚ್ಚು ದರವೇಕೆ ಎಂದು ಕೇಳುವವರಿಗೆ ಉತ್ತರದ ಒಂದು ಭಾಗ ಇಲ್ಲಿದೆ.

ಮಳೆ, ಕೊಯ್ಲು, ಬಾಕಿ

ಈ ವ್ಯವಹಾರಕ್ಕೂ ಋತುಮಾನಗಳುಂಟು. ಶಿವಮೊಗ್ಗಕ್ಕೆ ಬರುವ ರೋಗಿಗಳು ಊರಿನವರಷ್ಟೇ ಅಲ್ಲ. ಸಾಗರದ ರಸ್ತೆಯಲ್ಲಿ ಹುಲಿ–ಸಿಂಹಧಾಮದಿಂದ ಹೆಸರಾದ ತ್ಯಾವರೆಕೊಪ್ಪ, ಅದರಾಚೆ ಆಯನೂರು, ಇನ್ನೂ ದೂರದ ಹೊಸನಗರ, ತೀರ್ಥಹಳ್ಳಿ, ಸೊರಬ, ಶಿಕಾರಿಪುರಗಳಿಂದಲೂ ಬರುತ್ತಾರೆ. ಜಡಿಮಳೆಯ ದಿನಗಳಲ್ಲಿ ಪ್ರಾಣಕ್ಕೆ ಬಂದದ್ದಲ್ಲದಿದ್ದರೆ “ಮಳೆ ನಿಲ್ಲಲಿ” ಎಂದು ಜನ ತಡೆಯುತ್ತಾರೆ. ಅಡಿಕೆಯ ಹಣ ಕೈಗೆ ಬಂದ ಮೇಲೆ ವರ್ಷದಿಂದ ಸಹಿಸಿಕೊಂಡಿದ್ದ ಮಂಡಿನೋವು, ಬೆನ್ನುನೋವು ಹೊರಡುತ್ತವೆ. ಅಡಿಕೆಮರದಿಂದ ಜಾರಿ ಬಿದ್ದ ಕೊನೆಗಾರನಂತೂ ಯಾವ ಲೆಕ್ಕವನ್ನೂ ಕಾಯಲಾರ. ಹೀಗಾಗಿ ತಿಂಗಳಿಗೆ ಇಷ್ಟು ಎಂದು ಸಮನಾಗಿ ಹಂಚಿ ಕಂತು ಕಟ್ಟುವವನು ಆಷಾಢದಲ್ಲಿ ತಡಬಡಿಸುತ್ತಾನೆ. ಎರಡು ಮೂರು ತಿಂಗಳ ಖರ್ಚನ್ನು ಮುಂಗಡವಾಗಿ ಬ್ಯಾಂಕಿನಲ್ಲಿ ಇಟ್ಟುಕೊಂಡೇ ಕೇಂದ್ರ ತೆರೆಯಬೇಕೆಂಬುದು ಇದಕ್ಕಾಗಿ.

ಇನ್ನೊಂದು ಬಾಕಿಯ ಮಾತು. ೨೦೧೮ರಿಂದ ನಡೆದಿರುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಂಥ ಯೋಜನೆಗಳಲ್ಲಿ, ವಿಮಾ ಕಂಪನಿಗಳ ವ್ಯವಹಾರದಲ್ಲಿ, ಕಾರ್ಖಾನೆಗಳ ಕರಾರಿನಲ್ಲಿ ಕೆಲಸ ಇಂದು, ಹಣ ಆಮೇಲೆ. ನಮ್ಮ ಉದಾಹರಣೆಯನ್ನೇ ಹಿಡಿಯೋಣ. ದಿನಕ್ಕೆ ಒಂಬತ್ತು ಸ್ಕ್ಯಾನು, ತಿಂಗಳಿಗೆ ೨೫ ದಿನ. ತಿಂಗಳ ವಸೂಲಿ ೫,೬೨,೫೦೦ ರೂಪಾಯಿ. ಮೂರರಲ್ಲೊಂದು ಪಾಲು ಬಾಕಿಯ ಲೆಕ್ಕಕ್ಕೆ ಹೋಗಿ, ಆ ಹಣ ಮೂರು ತಿಂಗಳು ತಡವಾಗಿ ಬಂದರೆ, ಸದಾಕಾಲವೂ ಒಂದು ಪೂರ್ತಿ ತಿಂಗಳ ವಸೂಲಿ ಹೊರಗೆ ಸಿಕ್ಕಿಬಿದ್ದಂತೆ. ಪುಸ್ತಕದಲ್ಲಿ ಲಾಭ ಕಾಣುತ್ತದೆ, ಪೆಟ್ಟಿಗೆಯಲ್ಲಿ ಸಂಬಳಕ್ಕೆ ಹಣವಿಲ್ಲ. ಹಲವು ಚಿಕ್ಕ ಸಂಸ್ಥೆಗಳು ಮುಳುಗುವುದು ನಷ್ಟದಿಂದಲ್ಲ, ಈ ತಡದಿಂದ. ಬಾಕಿಯ ಪಟ್ಟಿಯನ್ನು ವಾರಕ್ಕೊಮ್ಮೆ ನೋಡಿ, ಕಾಗದಪತ್ರಗಳನ್ನು ಅಂದಂದೇ ಕಳಿಸುವ ಒಬ್ಬ ಗುಮಾಸ್ತ ಯಂತ್ರದಷ್ಟೇ ಬೆಲೆಯುಳ್ಳವನು.

ಕಣ್ಣಿಗೆ ಕಾಣದ ಪಾಲುದಾರ

ಈಗ ಲೆಕ್ಕದ ಪುಸ್ತಕದಲ್ಲಿ ಬರೆಯದ, ಆದರೆ ಎಲ್ಲರೂ ಪಿಸುಗುಟ್ಟುವ ಒಂದು ಬಾಬಿಗೆ ಬರೋಣ. ಚೀಟಿ ಬರೆದು ರೋಗಿಯನ್ನು ಕಳಿಸಿದವರಿಗೆ ಕೇಂದ್ರದವರು ಒಂದು ಪಾಲು ಕೊಡುವ ಪದ್ಧತಿ ಅದು. ಇದಕ್ಕೆ ಹೆಸರು ಕಮಿಷನ್. ಎಲ್ಲ ವೈದ್ಯರೂ ತೆಗೆದುಕೊಳ್ಳುತ್ತಾರೆಂದು ಹೇಳುವುದು ಅನ್ಯಾಯ. ಮುಟ್ಟದ ವೈದ್ಯರು, ಕೊಡದ ಕೇಂದ್ರಗಳು ಉಂಟು. ಆದರೆ ಪದ್ಧತಿಯೇ ಇಲ್ಲವೆನ್ನುವುದು ಸುಳ್ಳು. ೨೦೦೨ರ ವೈದ್ಯಕೀಯ ನಡವಳಿಕೆಯ ನಿಯಮಗಳು, ರೋಗಿಯನ್ನು ಕಳಿಸಿದ್ದಕ್ಕಾಗಿ ವೈದ್ಯನು ಹಣವನ್ನಾಗಲಿ ಬಹುಮಾನವನ್ನಾಗಲಿ ಕೊಡಬಾರದು, ತೆಗೆದುಕೊಳ್ಳಬಾರದು ಎಂದು ಸ್ಪಷ್ಟವಾಗಿ ನಿಷೇಧಿಸಿವೆ.

ನೀತಿಯ ಮಾತನ್ನು ಸ್ವಲ್ಪ ಬದಿಗಿಟ್ಟು ಲೆಕ್ಕವನ್ನೇ ಕೇಳೋಣ. ೨,೫೦೦ ರೂಪಾಯಿಯಲ್ಲಿ ನೂರಕ್ಕೆ ಇಪ್ಪತ್ತರಂತೆ ೫೦೦ ರೂಪಾಯಿ ಕಮಿಷನ್ನಿಗೆ ಹೋಯಿತೆನ್ನಿ. ಉಳಿಯುತ್ತಿದ್ದ ೨,೦೦೦ ಈಗ ೧,೫೦೦ ಆಯಿತು. ದಿನದ ೧೬,೬೬೭ನ್ನು ಇದರಿಂದ ಭಾಗಿಸಿ ನೋಡಿ. ಹನ್ನೊಂದನ್ನು ದಾಟುತ್ತದೆ. ಅಂದರೆ ಒಂಬತ್ತು ಮಂದಿ ಸಾಕಾಗಿದ್ದ ಕಡೆ ಈಗ ಹನ್ನೆರಡು ಮಂದಿ ಬೇಕು. ದಿನಕ್ಕೆ ಮೂವರು ಹೆಚ್ಚು, ವರ್ಷಕ್ಕೆ ಒಂಬೈನೂರು. ಈ ಒಂಬೈನೂರು ಮಂದಿ ಎಲ್ಲಿಂದ ಬರಬೇಕು? ಊರಿನಲ್ಲಿ ರೋಗ ಹೆಚ್ಚಲಿಲ್ಲ. ಆದುದರಿಂದ ಅವರು ಪಕ್ಕದ ಕೇಂದ್ರದಿಂದ ಬರಬೇಕು, ಇಲ್ಲವೆ ಸ್ಕ್ಯಾನು ಬೇಡವಾಗಿದ್ದವರಿಗೂ ಚೀಟಿ ಬರೆಯಿಸಬೇಕು. ಪಕ್ಕದವನೂ ಸುಮ್ಮನಿರುವುದಿಲ್ಲ, ಅವನು ಇಪ್ಪತ್ತೈದು ಎನ್ನುತ್ತಾನೆ. ಕೊನೆಗೆ ದರ ಏರುತ್ತದೆ, ಅಥವಾ ಕೆಲಸದ ಗುಣ ಇಳಿಯುತ್ತದೆ. ರಿಪೋರ್ಟು ಓದುವ ವೈದ್ಯರ ಸಮಯವನ್ನೂ ಯಂತ್ರದ ತಪಾಸಣೆಯನ್ನೂ ಕಡಿದು ಕಮಿಷನ್ನಿಗೆ ಹಣ ಹೊಂದಿಸಬೇಕಾಗುತ್ತದೆ.

ಇದರ ಭಾರ ಬೀಳುವುದು ಯಾರ ಮೇಲೆ? ತ್ಯಾವರೆಕೊಪ್ಪದಿಂದ ಹತ್ತು ಕಿಲೋಮೀಟರಿನಷ್ಟು ಬಸ್ಸಿನಲ್ಲಿ ಬಂದ ಕೂಲಿಯವಳ ಮೇಲೆ. ಅವಳಿಗೆ ಆ ದಿನದ ಕೂಲಿ ಇಲ್ಲ, ಜೊತೆಗೆ ಬಂದವರ ಕೂಲಿಯೂ ಇಲ್ಲ. ತನ್ನ ೨,೫೦೦ ರೂಪಾಯಿಯಲ್ಲಿ ಐನೂರು ತನ್ನ ದೇಹದ ಚಿತ್ರಕ್ಕೆ ಹೋಗಲಿಲ್ಲವೆಂಬುದು ಅವಳಿಗೆ ಎಂದೂ ತಿಳಿಯುವುದಿಲ್ಲ. ಹಣವಷ್ಟೇ ಅಲ್ಲ. ಎದೆಯ ಒಂದು ಸಾಮಾನ್ಯ ಎಕ್ಸ್‌ರೇಯಲ್ಲಿ ಬೀಳುವ ವಿಕಿರಣಕ್ಕಿಂತ ಹೊಟ್ಟೆಯ ಒಂದು ಸಿ.ಟಿ. ಸ್ಕ್ಯಾನಿನಲ್ಲಿ ಬೀಳುವುದು ನೂರು ಪಟ್ಟಿನಷ್ಟೂ ಇರಬಹುದು. ಬೇಕಾದಾಗ ಅದು ಪ್ರಾಣ ಉಳಿಸುತ್ತದೆ; ಆಗ ಹಿಂಜರಿಯಬಾರದು. ಬೇಡವಾದಾಗ ಅದು ಸುಮ್ಮನೆ ಹೊರಿಸಿದ ಹೊರೆ. ಮಕ್ಕಳ ವಿಷಯದಲ್ಲಂತೂ ಈ ಎಚ್ಚರ ಇಮ್ಮಡಿಯಾಗಿರಬೇಕು.

ಕಮಿಷನ್ ಕೊಡದೆ ಕೇಂದ್ರ ನಡೆಯುವುದೆ ಎಂದು ಕೆಲವರು ಕೇಳುತ್ತಾರೆ. ನಡೆಯಲು ದಾರಿಯಿದೆ, ಆದರೆ ನಿಧಾನ. ಯಂತ್ರವನ್ನು ಆಸೆಗೆ ತಕ್ಕಂತೆ ಕೊಳ್ಳದೆ ಊರಿನ ರೋಗಿಗಳ ಸಂಖ್ಯೆಗೆ ತಕ್ಕಂತೆ ಕೊಳ್ಳಬೇಕು. ಸಾಲ ಚಿಕ್ಕದಾದಷ್ಟೂ ಆ ‘ಒಂಬತ್ತು’ ಎಂಬ ಅಂಕಿ ಚಿಕ್ಕದಾಗುತ್ತದೆ. ಅಂಕಿ ಚಿಕ್ಕದಾದಷ್ಟೂ ನೆಟ್ಟಗೆ ನಿಲ್ಲುವುದು ಸುಲಭ. ಮೊದಲು ಎಕ್ಸ್‌ರೇ, ಅಲ್ಟ್ರಾಸೌಂಡು. ಅವುಗಳ ದುಡಿಮೆಯಿಂದ ಮುಂದಿನದು. ವೈದ್ಯರು ಒಂದು ಕೇಂದ್ರಕ್ಕೆ ರೋಗಿಯನ್ನು ಕಳಿಸಲು ಹಣವಲ್ಲದೆ ಬೇರೆ ಕಾರಣವೂ ಉಂಟು: ಅಲ್ಲಿಯ ರಿಪೋರ್ಟು ನಂಬತಕ್ಕದ್ದು, ಹೊತ್ತಿಗೆ ಸರಿಯಾಗಿ ಬರುತ್ತದೆ, ಸಂಶಯ ಬಂದರೆ ಫೋನಿನಲ್ಲಿ ಮಾತಾಡುವವರಿದ್ದಾರೆ ಎಂಬುದು. ಶಸ್ತ್ರಕ್ರಿಯೆ ಮಾಡುವ ವೈದ್ಯನಿಗೆ ತಪ್ಪು ರಿಪೋರ್ಟಿನಿಂದಾಗುವ ನಷ್ಟ ಕಮಿಷನ್ನಿಗಿಂತ ದೊಡ್ಡದು.

ಗೋಡೆಯ ಮೇಲಿನ ಕಾಗದಗಳು

ಸ್ಕ್ಯಾನಿಂಗ್ ಕೇಂದ್ರದ ಗೋಡೆಯಲ್ಲಿ ಕಟ್ಟು ಹಾಕಿ ತೂಗಿಸಿದ ಕಾಗದಗಳನ್ನು ನಾವು ಓದುವುದಿಲ್ಲ. ಓದಬೇಕು. ಕ್ಷ-ಕಿರಣದ ಯಂತ್ರವಿರುವ ಕಡೆ ೧೯೮೩ರಲ್ಲಿ ಸ್ಥಾಪಿತವಾದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಅನುಮತಿ ಇರಬೇಕು. ಕೋಣೆಯ ಅಳತೆ, ಗೋಡೆಯ ದಪ್ಪ, ಬಾಗಿಲಿಗೆ ಸೀಸದ ಹೊದಿಕೆ ಇವಕ್ಕೆಲ್ಲ ಮಂಡಳಿಯ ಕಟ್ಟಳೆಗಳುಂಟು. ಒಳಗೆ ದುಡಿಯುವ ತಂತ್ರಜ್ಞರ ಎದೆಯ ಮೇಲೆ ಒಂದು ಚಿಕ್ಕ ಬಿಲ್ಲೆಯನ್ನು ನೀವು ನೋಡಿರಬಹುದು. ಅದು ಅಲಂಕಾರವಲ್ಲ, ಅವರ ಮೈಮೇಲೆ ಬಿದ್ದ ವಿಕಿರಣವನ್ನು ಅಳೆಯುವ ಸಾಧನ. ಮೂರು ತಿಂಗಳಿಗೊಮ್ಮೆ ಅದನ್ನು ಕಳಿಸಿ ಲೆಕ್ಕ ತರಿಸುತ್ತಾರೆ. ಕೆಲಸಗಾರರಿಗೆ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ ೨೦ ಮಿಲಿಸೀವರ್ಟ್, ಯಾವುದೇ ಒಂದು ವರ್ಷದಲ್ಲಿ ೩೦ ಮಿಲಿಸೀವರ್ಟ್ ಎಂಬುದು ನಮ್ಮ ದೇಶದ ಮಿತಿ. ಹೊರಗೆ ಬೆಂಚಿನ ಮೇಲೆ ಕುಳಿತ ನಿಮ್ಮಂಥವರಿಗೆ ವರ್ಷಕ್ಕೆ ೧. ಬಿಲ್ಲೆಯ ಖರ್ಚನ್ನು ಉಳಿಸಲು ಹೋಗುವ ಮಾಲೀಕ ತನ್ನ ಆಳುಗಳ ಆಯುಸ್ಸನ್ನು ಜಮಾ ಮಾಡಿಕೊಳ್ಳುತ್ತಿದ್ದಾನೆ.

ಅಲ್ಟ್ರಾಸೌಂಡಿನಲ್ಲಿ ವಿಕಿರಣವಿಲ್ಲ, ಬರಿಯ ಶಬ್ದದ ಅಲೆ. ಆದರೂ ಅದರ ಮೇಲಿನ ಕಾನೂನು ಎಲ್ಲಕ್ಕಿಂತ ಕಠಿಣ. ಹುಟ್ಟುವ ಮಗು ಹೆಣ್ಣೋ ಗಂಡೋ ಎಂದು ತಿಳಿದು ಹೆಣ್ಣನ್ನು ಹೊಸಕಿಹಾಕುವ ಪಾಪಕ್ಕೆ ಈ ಯಂತ್ರ ಸಾಧನವಾದುದರಿಂದ ೧೯೯೪ರಲ್ಲಿ ಕಾಯಿದೆ ಬಂದಿತು. ೧೯೯೬ರ ಜನವರಿ ೧ರಿಂದ ಜಾರಿಯಾಗಿ, ೨೦೦೩ರಲ್ಲಿ ಇನ್ನಷ್ಟು ಬಿಗಿಯಾಯಿತು. ಕೇಂದ್ರವೂ ಯಂತ್ರವೂ ನೋಂದಣಿಯಾಗಿರಬೇಕು; ನೋಂದಣಿಯ ಅವಧಿ ಐದು ವರ್ಷ. ಇಲ್ಲಿ ಭ್ರೂಣದ ಲಿಂಗವನ್ನು ಹೇಳುವುದಿಲ್ಲ ಎಂಬ ಫಲಕ ಊರಿನ ಭಾಷೆಯಲ್ಲೂ ಇರಬೇಕು. ಪ್ರತಿ ಗರ್ಭಿಣಿಯ ವಿಷಯದಲ್ಲೂ ‘ಎಫ್’ ನಮೂನೆ ತುಂಬಬೇಕು, ಮುಂದಿನ ತಿಂಗಳ ೫ನೆಯ ತಾರೀಖಿನೊಳಗೆ ವರದಿ ಕಳಿಸಬೇಕು, ದಾಖಲೆಗಳನ್ನು ಎರಡು ವರ್ಷ ಕಾಪಾಡಬೇಕು. ಮೊದಲ ಅಪರಾಧಕ್ಕೆ ಮೂರು ವರ್ಷದವರೆಗೆ ಸೆರೆವಾಸವೂ ಹತ್ತು ಸಾವಿರದವರೆಗೆ ದಂಡವೂ ಉಂಟು.

ನಮೂನೆಯಲ್ಲಿ ಒಂದು ಜಾಗ ಖಾಲಿ ಬಿಟ್ಟರೆ ಅದು ಬರಿಯ ಗುಮಾಸ್ತೆಯ ಕೈತಪ್ಪಲ್ಲವೇ ಎಂಬ ವಾದ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ೨೦೧೯ರ ಮೇ ತಿಂಗಳಲ್ಲಿ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ದಾಖಲೆಯನ್ನು ಸರಿಯಾಗಿ ಇಡದಿರುವುದೇ ಅಪರಾಧವೆಂಬ ಕಾಯಿದೆಯ ಮಾತನ್ನು ಎತ್ತಿಹಿಡಿಯಿತು. ಏಕೆಂದರೆ ಕದ್ದು ಮಾಡುವ ಕೆಲಸಕ್ಕೆ ಬೇರೆ ಸಾಕ್ಷಿ ಸಿಕ್ಕುವುದಿಲ್ಲ. ಸಿಕ್ಕಿದರೆ ಕಾಗದದಲ್ಲೇ ಸಿಕ್ಕಬೇಕು. ಹೀಗಾಗಿ ಕೇಂದ್ರ ನಡೆಸುವವರು ‘ಎಫ್’ ನಮೂನೆಯನ್ನು ಹೊಸದಾಗಿ ಸೇರಿದ ಹುಡುಗಿಯ ಕೈಗೆ ಕೊಟ್ಟು ಸುಮ್ಮನಾಗುವಂತಿಲ್ಲ. ದಿನದ ಕೊನೆಗೆ ವೈದ್ಯರೇ ಕುಳಿತು ನೋಡಬೇಕು. ನೀವೂ ಅಷ್ಟೆ. ನಮೂನೆ ತುಂಬುವಾಗ “ಇಷ್ಟೆಲ್ಲ ಪ್ರಶ್ನೆ ಏಕಮ್ಮಾ?” ಎಂದು ಸಿಡುಕಬೇಡಿ. “ಸ್ವಲ್ಪ ಸೂಚನೆ ಕೊಡಿ ಡಾಕ್ಟ್ರೇ” ಎಂದು ಅಜ್ಜಿ ನಗುನಗುತ್ತ ಕೇಳಿದರೂ ಅದು ಅಪರಾಧಕ್ಕೆ ಕರೆದಂತೆ.

ರಿಪೋರ್ಟು ಓದುವ ಕಣ್ಣು

ಯಂತ್ರ ಚಿತ್ರವನ್ನಷ್ಟೇ ಕೊಡುತ್ತದೆ. ಅದರಲ್ಲಿ ರೋಗವನ್ನು ಕಾಣುವುದು ತರಬೇತಾದ ಕಣ್ಣು. ಈ ಕಣ್ಣುಗಳು ಎಲ್ಲ ಊರಿನಲ್ಲೂ ಎಲ್ಲ ಹೊತ್ತಿನಲ್ಲೂ ಸಿಕ್ಕುವುದಿಲ್ಲ. ಇದಕ್ಕೆ ಒಂದು ಪರಿಹಾರ ನಮ್ಮ ಬೆಂಗಳೂರಿನಲ್ಲೇ ಬೆಳೆಯಿತು. ಡಾ. ಅರ್ಜುನ್ ಕಲ್ಯಾಣಪುರ್ ಮತ್ತು ಡಾ. ಸುನೀತಾ ಮಹೇಶ್ವರಿ ದಂಪತಿಗಳು ೨೦೦೨ರಲ್ಲಿ ಅಲ್ಲಿ ‘ಟೆಲಿರೇಡಿಯಾಲಜಿ ಸಲ್ಯೂಷನ್ಸ್’ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಅಮೆರಿಕದಲ್ಲಿ ನಡುರಾತ್ರಿಯಾದಾಗ ಇಲ್ಲಿ ಹಗಲು. ಅಲ್ಲಿಯ ಆಸ್ಪತ್ರೆಗಳಲ್ಲಿ ರಾತ್ರಿ ತೆಗೆದ ಚಿತ್ರಗಳನ್ನು ಇಲ್ಲಿ ಹಗಲಿನಲ್ಲಿ ಕುಳಿತು ಓದಿ ವರದಿ ಕಳಿಸುವುದೇ ಅದರ ಉಪಾಯ. ಸೂರ್ಯನ ಸುತ್ತಾಟವೇ ಬಂಡವಾಳವಾಯಿತೆನ್ನಬಹುದು. ಅದೇ ತಂತಿಯಲ್ಲಿ ಚಿಕ್ಕ ಊರಿನ ಚಿತ್ರವನ್ನೂ ದೊಡ್ಡ ಊರಿನ ತಜ್ಞರಿಗೆ ಕಳಿಸಬಹುದು. ರಾತ್ರಿ ಹನ್ನೊಂದಕ್ಕೆ ಅಪಘಾತವಾಗಿ ಬಂದವನ ತಲೆಯ ಸ್ಕ್ಯಾನು ಬೆಳಗಿನವರೆಗೆ ಕಾಯಬೇಕಾಗಿಲ್ಲ.

ಆದರೆ ಇಲ್ಲಿಯೂ ವ್ಯವಹಾರದ ಒಂದು ಸೂಕ್ಷ್ಮವಿದೆ. ದೂರದಲ್ಲಿ ಓದಿದವರ ಹೆಸರು, ರುಜು, ನೋಂದಣಿಯ ಸಂಖ್ಯೆ ವರದಿಯಲ್ಲಿರಬೇಕು. ಹಳೆಯ ಚಿತ್ರಗಳು ಅವರ ಕೈಗೆ ಸಿಕ್ಕಬೇಕು. ಸಂಶಯ ಬಂದರೆ ಇಲ್ಲಿಯ ವೈದ್ಯರು ಅವರೊಡನೆ ಮಾತಾಡುವಂತಿರಬೇಕು. ತಲೆಗೆ ಇಷ್ಟೆಂದು ಚಿತ್ರ ಎಣಿಸಿ ಕೊಡುವ ಹಣ ಬಹಳ ಕಡಮೆಯಾದರೆ, ಓದುವವರು ಅವಸರದಲ್ಲಿ ಓದುತ್ತಾರೆ. ಹೊಸನಗರದಿಂದ ಬಂದವರಿಗೆ “ನಾಳೆ ಬಂದು ರಿಪೋರ್ಟು ತೆಗೆದುಕೊಳ್ಳಿ” ಎಂದರೆ ಇನ್ನೊಂದು ದಿನದ ಕೂಲಿ ಹೋಯಿತು. “ಐದು ನಿಮಿಷ ಇರಿ” ಎಂದು ಅರೆಬರೆ ಓದಿ ಕೊಟ್ಟರೆ ಕೆಲವೊಮ್ಮೆ ಇನ್ನೂ ದೊಡ್ಡದೇ ಹೋಗುತ್ತದೆ. ಎರಡರ ನಡುವೆ ಹದ ಕಾಣುವುದು ಕೇಂದ್ರ ನಡೆಸುವವರ ಕೌಶಲ.

ಹಣ ಕೊಡುವವರಿಗೆ ನಾಲ್ಕು ಮಾತು

ನೀವು ಮಾಡಬಹುದಾದದ್ದೇನು? ಮೊದಲನೆಯದಾಗಿ, ಚೀಟಿ ಬರೆದ ವೈದ್ಯರನ್ನು ವಿನಯದಿಂದ ಕೇಳಿ: “ಈ ಸ್ಕ್ಯಾನಿನಿಂದ ಚಿಕಿತ್ಸೆಯಲ್ಲಿ ಏನು ವ್ಯತ್ಯಾಸವಾಗುತ್ತದೆ ಡಾಕ್ಟ್ರೇ? ಯಾವ ಕೇಂದ್ರದಲ್ಲಿ ಮಾಡಿಸಿದರೂ ಆಗುತ್ತದೆಯೆ?” ಒಳ್ಳೆಯ ವೈದ್ಯರು ಇದಕ್ಕೆ ಕೋಪಿಸಿಕೊಳ್ಳುವುದಿಲ್ಲ. ಎರಡನೆಯದಾಗಿ, ದರಪಟ್ಟಿಯನ್ನು ಕೇಳಿ ನೋಡಿ, ರಸೀದಿಯನ್ನು ತಪ್ಪದೆ ಪಡೆಯಿರಿ. ಖಾಸಗಿ ಆಸ್ಪತ್ರೆ, ಕೇಂದ್ರಗಳ ಮೇಲಣ ೨೦೦೭ರ ಕರ್ನಾಟಕ ಕಾಯಿದೆಯ ಪ್ರಕಾರ ದರವನ್ನು ಜನಕ್ಕೆ ತಿಳಿಯುವಂತೆ ಪ್ರಕಟಿಸುವುದು ಅವರ ಹೊಣೆ. ಮೂರನೆಯದಾಗಿ, ಹಳೆಯ ಚಿತ್ರಗಳನ್ನು ಒಂದು ಚೀಲದಲ್ಲಿ ತಾರೀಖಿನ ಕ್ರಮದಲ್ಲಿ ಇಟ್ಟುಕೊಳ್ಳಿ, ಹೋಗುವಾಗ ಒಯ್ಯಿರಿ. ಹೋದ ತಿಂಗಳ ಚಿತ್ರ ಕೈಯಲ್ಲಿದ್ದರೆ ಎಷ್ಟೋ ವೇಳೆ ಹೊಸದರ ಅಗತ್ಯವೇ ಇರುವುದಿಲ್ಲ. ಇದ್ದರೂ ಹೋಲಿಸಿ ನೋಡಲು ಅದು ಬೇಕು. ನಾಲ್ಕನೆಯದಾಗಿ, ಹೆಂಗಸರು ಬಸುರಿರುವ ಸಂಭವವಿದ್ದರೆ ಕ್ಷ-ಕಿರಣದ ಕೋಣೆಗೆ ಹೋಗುವ ಮೊದಲೇ ನಾಚದೆ ಹೇಳಬೇಕು.

ಇನ್ನು ಕೇಂದ್ರ ತೆರೆಯಬೇಕೆಂದಿರುವ ಮನೆಯ ಮಗನಿಗೋ ಮಗಳಿಗೋ ಹಿರಿಯರು ಹೇಳಬೇಕಾದದ್ದೂ ಇಷ್ಟೆ. ಯಂತ್ರ ನೋಡುವ ಮೊದಲು ಊರು ನೋಡು. ಎಷ್ಟು ರೋಗಿಗಳು ಬಂದರೆ ಸಾಲ ತೀರುತ್ತದೆಂದು ಕಾಗದದ ಮೇಲೆ ಬರೆ. ಆ ಅಂಕಿ ಕಮಿಷನ್ ಇಲ್ಲದೆ ಮುಟ್ಟತಕ್ಕದ್ದಾಗಿದ್ದರೆ ಮಾತ್ರ ಮುಂದೆ ಹೋಗು. ಮುಟ್ಟಲಾಗದಿದ್ದರೆ ಚಿಕ್ಕ ಯಂತ್ರ ಕೊಳ್ಳು, ಅಥವಾ ಇನ್ನಿಬ್ಬರು ವೈದ್ಯರೊಡನೆ ಪಾಲುಗಾರಿಕೆ ಮಾಡು, ಅಥವಾ ಎರಡು ವರ್ಷ ತಡೆ. ಟ್ಯೂಬಿಗೆಂದು ಇಟ್ಟ ಹಣವನ್ನು ಮದುವೆಗೆ ಮುಟ್ಟಬೇಡ. ಮೊದಲ ವರ್ಷದಲ್ಲಿ ಮಾಡಿಕೊಂಡ ಅಭ್ಯಾಸ ಇಪ್ಪತ್ತು ವರ್ಷ ಬಿಡುವುದಿಲ್ಲ. ಮೊದಲ ದಿನ ಕೊಟ್ಟ ಕಮಿಷನ್ನನ್ನು ಎರಡನೆಯ ದಿನ ನಿಲ್ಲಿಸುವುದು ಕಷ್ಟ. ಮೊದಲ ದಿನ ಬರೆದ ನಿಜವಾದ ಲೆಕ್ಕವನ್ನು ಎರಡನೆಯ ದಿನ ಮುಂದುವರಿಸುವುದು ಸುಲಭ.

ಮುಂದಿನ ಸಲ ಆ ಬೆಂಚಿನ ಮೇಲೆ ಕಾಯಬೇಕಾಗಿ ಬಂದಾಗ ಗೋಡೆಯ ಕಾಗದಗಳನ್ನು ಒಮ್ಮೆ ಓದಿ. ಕಿಟಕಿಯಲ್ಲಿ ಕುಳಿತವರಿಂದ ರಸೀದಿ ಕೇಳಿ ಪಡೆಯಿರಿ. ಲೆಕ್ಕ ಕೇಳುವ ಗಿರಾಕಿ ಇರುವ ಊರಿನಲ್ಲಿ ಲೆಕ್ಕ ಸರಿಯಾಗಿಡುವ ಕೇಂದ್ರಕ್ಕೆ ಬಲ ಬರುತ್ತದೆ. ಆ ಬಲ ಕೊಡುವುದು ನಮ್ಮ ನಿಮ್ಮ ಕೈಯಲ್ಲಿದೆ.